ಸೂರಿನ ದೋಣಿಗೂ ಇದೆ ಹೂಳು, ತೂಬು, ಕೋಡಿ



ಮನೆ ರಿಪೇರಿ ಬಗ್ಗೆ ಇಂಟರ್‌ನೆಟ್‌ನಲ್ಲಿ ಏನೇ ಹುಡುಕಿದರೂ ಮೊದಲು ಬರೋದು ಅಮೆರಿಕ, ಕೆನಡಾದವರ ವಿಡಿಯೋಗಳೇ. ಅಕ್ಟೋಬರ್ ಬಂತು ಅಂದ್ರೆ ಅವರೆಲ್ಲ ಏಣಿ ಹತ್ತಿ, ಸೂರಿಗೆ ಕಟ್ಟಿದ ಗಟರ್ ಕ್ಲೀನ್ ಮಾಡ್ತಾರೆ. ಹಿಮ ಬೀಳೋ ಮುಂಚೆ ಮಾಡದಿದ್ದರೆ ಮಂಜುಗಡ್ಡೆ ಕಟ್ಟಿ ಗಟರ್ ಕಿತ್ತು ಬೀಳುತ್ತೆ ಅಂತ ಹೇಳ್ತಾರೆ. ನಾವು ಅದನ್ನು ನೋಡಿ, ‘ನಮ್ಮ ತುಮಕೂರಿಗೆ ಯಾವ ಹಿಮ ಬೀಳುತ್ತೆ ಬಿಡಪ್ಪಾ’ ಅಂತ ಮುಂದಕ್ಕೆ ಸ್ಕ್ರೋಲ್ ಮಾಡ್ತೀವಿ. ಆದರೆ ಊರಿಗೆ ಹೋಗಿ ತಲೆ ಎತ್ತಿ ನೋಡಿದರೆ ಬೇರೆ ಚಿತ್ರ ಕಾಣುತ್ತೆ. ಗುಬ್ಬಿ ಕಡೆಯ ಹೆಂಚಿನ ಮನೆಯಾಗಲಿ, ಕುಣಿಗಲ್ ಕಡೆಯ ಶೀಟಿನ ಮನೆಯಾಗಲಿ, ದೋಣಿ ಒಂದು ಕಡೆ ಬಾಗಿ ಜೋತಾಡ್ತಿರುತ್ತೆ. ಹಿಮವೇ ಇಲ್ಲದ ಊರಲ್ಲಿ ಅದು ಮುರಿದದ್ದು ಯಾಕೆ? ಈ ಲೇಖನದಲ್ಲಿ ಅದನ್ನು ಲೆಕ್ಕ ಹಾಕಿ ನೋಡೋಣ. ಬೇಕಾಗಿರೋದು ಮೊದಲ ಎರಡು ವರ್ಷ ಓದಿದ ಪಾಠ ಮಾತ್ರ.

ಮೊದಲು ಒಂದು ಪದ. ನಮ್ಮಲ್ಲಿ ‘ಗಟಾರ’ ಅಂದ್ರೆ ಬೀದಿ ಚರಂಡಿ. ಸೂರಿನ ಕೆಳಗೆ ಮಳೆನೀರು ಹಿಡಿಯೋದಕ್ಕೆ ‘ದೋಣಿ’ ಅನ್ನೋ ಹೆಸರಿದೆ. ತಗಡಿನ ದೋಣಿ, ಪಿವಿಸಿ ದೋಣಿ, ಅಡಕೆ ಮರ ಸೀಳಿ ಮಾಡಿದ ದಬ್ಬೆ, ಇವೆಲ್ಲ ಒಂದೇ ಕೆಲಸ ಮಾಡೋವು. ಈ ಬರಹದಲ್ಲಿ ನಾವು ದೋಣಿ ಅಂತಲೇ ಕರೀತೀವಿ.

ಹಿಮದ ನಾಡಲ್ಲಿ ಆಗೋದೇನು?

ಹಿಮ ಬೀಳೋ ಊರಲ್ಲಿ ಮನೆ ಒಳಗೆ ಹೀಟರ್ ಉರೀತಿರುತ್ತೆ. ಆ ಬಿಸಿ ಅಟ್ಟದ ಮೂಲಕ ಮೇಲೇರಿ ಚಾವಣಿಯನ್ನು ಬೆಚ್ಚಗೆ ಮಾಡುತ್ತೆ. ಚಾವಣಿ ಮೇಲೆ ಕೂತ ಹಿಮದ ಅಡಿಭಾಗ ಕರಗಿ ನೀರಾಗಿ ಕೆಳಕ್ಕೆ ಹರಿಯುತ್ತೆ. ಸೂರಿನ ತುದಿ ಮಾತ್ರ ಗೋಡೆಯಿಂದ ಆಚೆ ಚಾಚಿರೋದರಿಂದ ಅಲ್ಲಿಗೆ ಮನೆ ಬಿಸಿ ತಲುಪಲ್ಲ. ಹರಿದು ಬಂದ ನೀರು ಅಲ್ಲಿ ಮತ್ತೆ ಹೆಪ್ಪುಗಟ್ಟುತ್ತೆ. ದಿನ ಕಳೆದಂತೆ ಅದೇ ಒಂದು ಕಟ್ಟೆಯಾಗುತ್ತೆ. ಕಟ್ಟೆಯ ಹಿಂದೆ ನಿಂತ ನೀರಿಗೆ ಕೆಳಗೆ ದಾರಿ ಇಲ್ಲ, ಹಾಗಾಗಿ ಚಾವಣಿ ಹೊದಿಕೆಯ ಸಂದಿನಲ್ಲಿ ಹಿಮ್ಮುಖವಾಗಿ ಏರಿ ಮನೆಯೊಳಗೆ ಸೋರುತ್ತೆ. ದೋಣಿಯೊಳಗಿನ ನೀರು ಗಡ್ಡೆಯಾದಾಗ ಗಾತ್ರ ಸುಮಾರು 9% ಹಿಗ್ಗಿ ಜಾಯಿಂಟುಗಳನ್ನು ಬಿಡಿಸುತ್ತೆ. ಅದರ ಮೇಲೆ ಇನ್ನಷ್ಟು ಗಡ್ಡೆ ಕೂತು ಕ್ಲಾಂಪ್ ಕಿತ್ತು ಬರುತ್ತೆ.

ಅಲ್ಲಿನವರ ಉಪಾಯ ಮೂರು. ಚಳಿಗಾಲಕ್ಕೆ ಮೊದಲು ದೋಣಿಯ ಎಲೆ ತೆಗೀತಾರೆ. ಅಟ್ಟಕ್ಕೆ ಇನ್ಸುಲೇಷನ್ ಹಾಕಿ, ಬಿಸಿಗಾಳಿ ಮೇಲೆ ಸೋರದಂತೆ ಸಂದು ಮುಚ್ಚಿ, ಅಟ್ಟದಲ್ಲಿ ಹೊರಗಿನ ತಣ್ಣನೆ ಗಾಳಿ ಆಡೋ ಹಾಗೆ ಮಾಡ್ತಾರೆ. ಹಿಮ ಜಾಸ್ತಿ ಬಿದ್ದರೆ ಉದ್ದ ಹಿಡಿಯ ಕುಂಟೆಯಿಂದ ನೆಲದ ಮೇಲೆ ನಿಂತೇ ಸೂರಿನ ಹಿಮ ಎಳೆದು ಹಾಕ್ತಾರೆ. ಎಂ.ಎಸ್. ಮಾಡೋಕೆ ಅಂತ ಮಿನೆಸೋಟಾ ಕಡೆಗೋ ಟೊರಾಂಟೊ ಕಡೆಗೋ ಹೋಗೋರು ಒಂದು ಮಾತು ನೆನಪಿಡಿ. ಸೂರಿನ ಗಡ್ಡೆಯನ್ನು ಕೊಡಲಿ, ಸುತ್ತಿಗೆಯಿಂದ ಒಡೀಬೇಡಿ. ಗಡ್ಡೆ ಜೊತೆ ಚಾವಣಿ ಹೊದಿಕೆಯೂ ಒಡೆಯುತ್ತೆ, ಬಿದ್ದ ಗಡ್ಡೆ ನಿಮ್ಮ ತಲೆಗೂ ಬೀಳಬಹುದು.

ಈ ಕಥೆಯ ಸಾರ ಇಷ್ಟು: ಹರಿಯಬೇಕಾದ ನೀರಿನ ದಾರಿಗೆ ಏನೋ ಅಡ್ಡ ಕೂತಿತು, ನೀರು ನಿಂತಿತು, ನಿಂತದ್ದು ಭಾರವಾಯಿತು, ಹಿಂದಕ್ಕೆ ಏರಿತು. ಅಡ್ಡ ಕೂತದ್ದು ಅಲ್ಲಿ ಹಿಮ.

ನಮ್ಮಲ್ಲಿ ಅಡ್ಡ ಕೂರೋದು ಯಾವುದು?

ಇದನ್ನು ಕೆರೆ ಭಾಷೆಯಲ್ಲಿ ಹೇಳಿದರೆ ನಮಗೆ ಬೇಗ ಅರ್ಥವಾಗುತ್ತೆ. ತುಮಕೂರು ಅಮಾನಿಕೆರೆ, ಗುಬ್ಬಿ ಕೆರೆ, ಕುಣಿಗಲ್ ದೊಡ್ಡಕೆರೆ ನೋಡಿ ಬೆಳೆದವರು ನಾವು. ಕೆರೆಗೆ ಮೂರು ಸಂಗತಿ ಮುಖ್ಯ. ನೀರು ಬೇಕಾದಷ್ಟು ಬಿಡೋಕೆ ತೂಬು. ಹೆಚ್ಚಾದದ್ದು ಏರಿಗೆ ಪೆಟ್ಟಾಗದಂತೆ ಹೊರಗೆ ಹೋಗೋಕೆ ಕೋಡಿ. ತುಂಬಿಕೊಂಡರೆ ಇವೆರಡನ್ನೂ ಕೆಡಿಸೋದು ಹೂಳು. ಸೂರಿನ ದೋಣಿಯೂ ಒಂದು ಪುಟ್ಟ ಕೆರೆಯ ಹಾಗೆ. ಅದರ ಡೌನ್‌ಪೈಪೇ ತೂಬು. ಅದಕ್ಕೆ ಕೋಡಿ ಇದೆಯೋ ಇಲ್ಲವೋ ಯಾರೂ ನೋಡಲ್ಲ. ಹೂಳಂತೂ ಧಾರಾಳವಾಗಿರುತ್ತೆ.

ನಮ್ಮ ಹೂಳಿನಲ್ಲಿ ಏನೇನಿದೆ? ಬೇವು, ಹೊಂಗೆ ಚಳಿಗಾಲ ಮುಗಿದು ಬಿಸಿಲು ಏರುವಾಗ ಎಲೆ ಉದುರಿಸುತ್ತವೆ. ಹುಣಸೆ ಎಲೆ ಎಷ್ಟು ಸಣ್ಣದು ಅಂದ್ರೆ ಸಾಧಾರಣ ಜಾಲರಿಯಲ್ಲಿ ನುಸುಳಿ ಹೋಗಿ, ಒದ್ದೆಯಾದ ಮೇಲೆ ಹಿಟ್ಟಿನ ಹಾಗೆ ಅಂಟಿಕೊಳ್ಳುತ್ತೆ. ಗುಬ್ಬಿ, ಚೇಳೂರು ಕಡೆ ಹಲಸಿನ ಮರ ಮನೆ ಪಕ್ಕದಲ್ಲೇ ಇರುತ್ತೆ. ಅದರ ದಪ್ಪ ಎಲೆ ಒಂದೇ ಒಂದು ಸಾಕು, ಪೈಪಿನ ಬಾಯಿಗೆ ಮುಚ್ಚಳ ಹಾಕಿದಂತೆ ಕೂರುತ್ತೆ. ತೆಂಗಿನ ಹೊಂಬಾಳೆಯ ಚೂರು, ಅಡಕೆ ಹಾಳೆಯ ನಾರು, ಹೈವೇ ಧೂಳು, ಹೆಂಚಿನ ಪಾಚಿ, ಕಾಗೆ ತಂದಿಟ್ಟ ಕಡ್ಡಿ, ಹುಡುಗರು ಹೊಡೆದ ಕ್ರಿಕೆಟ್ ಬಾಲ್, ಎಲ್ಲ ಅಲ್ಲೇ ಇರುತ್ತೆ. ಬೇಸಿಗೆಯುದ್ದಕ್ಕೂ ಇದು ಒಣಗಿ ಹಗುರವಾಗಿ ಕೂತಿರೋದರಿಂದ ಕೆಳಗೆ ನಿಂತವರಿಗೆ ಗೊತ್ತೇ ಆಗಲ್ಲ. ಮೊದಲ ಮಳೆ ಬಿದ್ದಾಗ ಮಾತ್ರ ಗೊತ್ತಾಗುತ್ತೆ.

ತೂಕದ ಲೆಕ್ಕ

150 ಮಿ.ಮೀ. ಅಗಲದ ಅರ್ಧವೃತ್ತಾಕಾರದ ದೋಣಿ ತಗೊಳ್ಳಿ. ತ್ರಿಜ್ಯ 7.5 ಸೆಂ.ಮೀ. ಅಡ್ಡಕೊಯ್ತದ ವಿಸ್ತೀರ್ಣ, ಅಂದ್ರೆ ವೃತ್ತದ ಅರ್ಧ, ಸುಮಾರು 88 ಚದರ ಸೆಂ.ಮೀ. ಒಂದು ಮೀಟರ್ ಉದ್ದಕ್ಕೆ 8.8 ಲೀಟರ್ ಹಿಡಿಯುತ್ತೆ. ಈಗ 10 ಮೀಟರ್ ಉದ್ದದ ದೋಣಿ ಪೂರ್ತಿ ತುಂಬಿದರೆ:

ನೀರಾದರೆ 88 ಕೆ.ಜಿ.
ಮಂಜುಗಡ್ಡೆಯಾದರೆ, ಅದರ ಸಾಂದ್ರತೆ ನೀರಿನ 0.917 ಪಟ್ಟು ಆದ್ದರಿಂದ, ಸುಮಾರು 81 ಕೆ.ಜಿ.
ಒದ್ದೆ ಮಣ್ಣಾದರೆ, ಸಾಂದ್ರತೆ ನೀರಿನ 1.8 ಪಟ್ಟು ಅಂತ ಇಟ್ಟುಕೊಂಡರೆ, ಸುಮಾರು 160 ಕೆ.ಜಿ.

ಅಂದರೆ ನಮ್ಮ ಊರಿನ ಕೆಸರು ಅವರ ಊರಿನ ಮಂಜುಗಡ್ಡೆಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಭಾರ. ದೋಣಿಯಲ್ಲಿ ಅರ್ಧ ಮಾತ್ರ ಹೂಳಿದ್ದು, ಉಳಿದರ್ಧದಲ್ಲಿ ಮಳೆನೀರು ನಿಂತರೂ 124 ಕೆ.ಜಿ. ಆಯ್ತು. ದಪ್ಪಗಿರೋ ಇಬ್ಬರು ಗೆಳೆಯರು ಸೂರಿಗೆ ಜೋತುಬಿದ್ದಷ್ಟು. ಹಿಮದ ನಾಡಲ್ಲಿ ಗಡ್ಡೆ ದೋಣಿಯ ಅಂಚು ಮೀರಿ ಮೇಲಕ್ಕೂ ಬೆಳೆಯುತ್ತೆ, ಆದ್ದರಿಂದ ಅಲ್ಲಿನ ಒಟ್ಟು ಭಾರ ಇದಕ್ಕಿಂತ ಜಾಸ್ತಿಯೂ ಆಗಬಹುದು. ಆದರೆ ‘ನಮಗೆ ಹಿಮ ಇಲ್ಲ, ಹಾಗಾಗಿ ಭಾರವೂ ಇಲ್ಲ’ ಅನ್ನೋ ಮಾತು ಲೆಕ್ಕಕ್ಕೆ ನಿಲ್ಲಲ್ಲ.

ಬಾಗೋದು ನಾಲ್ಕನೇ ಘಾತದಲ್ಲಿ

ಈಗ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ನೆನಪಿಸಿಕೊಳ್ಳಿ. ಎರಡು ಆಧಾರಗಳ ನಡುವೆ ಸಮವಾಗಿ ಭಾರ ಹೊತ್ತ ತೊಲೆ ಎಷ್ಟು ಬಾಗುತ್ತೆ ಅನ್ನೋದು ಆಧಾರಗಳ ಅಂತರದ ನಾಲ್ಕನೇ ಘಾತಕ್ಕೆ ಅನುಗುಣ. ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿದ ಈ ಸೂತ್ರ ನಮ್ಮ ಸೂರಿನಲ್ಲೇ ಕೆಲಸ ಮಾಡ್ತಿದೆ. ದೋಣಿಯ ಕ್ಲಾಂಪುಗಳ ಅಂತರ 60 ಸೆಂ.ಮೀ. ಬದಲು 90 ಮಾಡಿದರೆ ಬಾಗು 5 ಪಟ್ಟು. 120 ಮಾಡಿದರೆ 16 ಪಟ್ಟು. ನಾಲ್ಕು ಕ್ಲಾಂಪ್ ಉಳಿಸಿದ ಖುಷಿ ಎರಡು ಮಳೆಗಾಲಕ್ಕೆ ಮುಗಿದುಹೋಗುತ್ತೆ.

ಬಾಗಿದರೆ ಏನಂತೆ ಅನ್ನಬೇಡಿ. 10 ಮೀಟರ್ ದೋಣಿಗೆ 200ಕ್ಕೆ 1ರಂತೆ ಇಳಿಜಾರು ಕೊಟ್ಟಿದ್ದೀರಿ ಅನ್ನೋಣ. ಒಂದು ತುದಿಯಿಂದ ಇನ್ನೊಂದು ತುದಿಗೆ 5 ಸೆಂ.ಮೀ. ಇಳಿಕೆ, ಮಧ್ಯದಲ್ಲಿ 2.5 ಸೆಂ.ಮೀ. ಈಗ ಮಧ್ಯಭಾಗ ಕ್ಲಾಂಪ್ ಸಡಿಲವಾಗಿ 3 ಸೆಂ.ಮೀ. ಜಗ್ಗಿತು. ಅಲ್ಲಿನ ಒಟ್ಟು ಇಳಿಕೆ 5.5 ಸೆಂ.ಮೀ. ಆಯ್ತು. ಪೈಪಿನ ಬಾಯಿ ಇರೋದು 5 ಸೆಂ.ಮೀ. ಮಟ್ಟದಲ್ಲಿ. ಅಂದ್ರೆ ದೋಣಿಯ ಹೊಟ್ಟೆ ಬಾಯಿಗಿಂತ ಕೆಳಗೆ ಹೋಯ್ತು. ಇನ್ನು ಮೇಲೆ ಅಲ್ಲಿ ಸದಾ ನೀರು ನಿಲ್ಲುತ್ತೆ. ನಿಂತ ನೀರಲ್ಲಿ ಮಣ್ಣು ತಳಕ್ಕೆ ಇಳಿಯುತ್ತೆ. ಮಣ್ಣಿಳಿದರೆ ಭಾರ ಹೆಚ್ಚುತ್ತೆ. ಭಾರ ಹೆಚ್ಚಿದರೆ ಇನ್ನೂ ಜಗ್ಗುತ್ತೆ. ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದೋ ಪಾಸಿಟಿವ್ ಫೀಡ್‌ಬ್ಯಾಕ್ ಇದೇ. ಕೊನೆಗೆ ಒಂದು ರಾತ್ರಿ ಜೋರು ಮಳೆಯಲ್ಲಿ ಬೀಳುತ್ತೆ, ಬೈಗುಳ ಆ ರಾತ್ರಿಯ ಮಳೆಗೆ ಸಿಗುತ್ತೆ. ಕೆಲಸ ಮಾತ್ರ ತಿಂಗಳುಗಟ್ಟಲೆ ಹಿಂದಿನಿಂದಲೇ ನಡೀತಿತ್ತು.

ಪ್ಲಾಸ್ಟಿಕ್ ದೋಣಿಗೆ ಇನ್ನೊಂದು ಕಷ್ಟ, ಬಿಸಿಲು. ಯುಪಿವಿಸಿ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತೆ. 10 ಮೀಟರ್ ದೋಣಿ ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಗೂ ನಡುವೆ 30 ಡಿಗ್ರಿ ವ್ಯತ್ಯಾಸ ಕಂಡರೆ ಸುಮಾರು 2 ಸೆಂ.ಮೀ. ಉದ್ದವಾಗುತ್ತೆ. ತಗಡಾದರೆ 4 ಮಿ.ಮೀ. ಒಳಗೆ. ಎರಡೂ ತುದಿ ಬಿಗಿದು, ನಡುವಿನ ಜಾಯಿಂಟುಗಳಿಗೆ ಗಮ್ ಹಾಕಿ ಕೂರಿಸಿದರೆ ಆ 2 ಸೆಂ.ಮೀ.ಗೆ ಹೋಗೋಕೆ ಜಾಗ ಎಲ್ಲಿದೆ? ಜಾಯಿಂಟ್ ಬಿಡುತ್ತೆ, ಇಲ್ಲವೇ ದೋಣಿ ಹಾವಿನಂತೆ ಸೊಟ್ಟಗಾಗುತ್ತೆ. ಅದಕ್ಕೇ ರಬ್ಬರ್ ಬುಷ್ ಇರೋ ಜಾರುವ ಜಾಯಿಂಟ್ ಬೇಕು.

ತೂಬು ಸಾಕಾಗುತ್ತಾ?

ನೆನಪಿಡೋಕೆ ಒಂದೇ ಸೂತ್ರ: 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಎರಡು ಇಳಿಜಾರಿನ ಹೆಂಚಿನ ಮನೆ, ಒಂದೊಂದು ಕಡೆ 50 ಚದರ ಮೀಟರ್ ಅನ್ನೋಣ. ಗುಡುಗಿನ ಮಳೆ ಗಂಟೆಗೆ 100 ಮಿ.ಮೀ. ವೇಗದಲ್ಲಿ ಹೊಡೀತಿದೆ. ಇದು ಬಹಳ ಹೊತ್ತು ಇರಲ್ಲ, ಆದರೆ ಕಾಲು ಗಂಟೆ ಇದ್ದರೂ ದೋಣಿ ಅದನ್ನು ತಡೀಬೇಕು. ಗಂಟೆಗೆ 5000 ಲೀಟರ್, ಅಂದ್ರೆ ಸೆಕೆಂಡಿಗೆ ಸುಮಾರು 1.4 ಲೀಟರ್.

ನಮ್ಮ 150 ಮಿ.ಮೀ. ದೋಣಿಗೆ ಮ್ಯಾನಿಂಗ್ ಸೂತ್ರ ಹಾಕಿ. ಹೈಡ್ರಾಲಿಕ್ ತ್ರಿಜ್ಯ ವ್ಯಾಸದ ನಾಲ್ಕನೇ ಒಂದು ಭಾಗ, 3.75 ಸೆಂ.ಮೀ. ಇಳಿಜಾರು 200ಕ್ಕೆ 1, ಒರಟುತನದ ಗುಣಾಂಕ 0.011. ವೇಗ ಸೆಕೆಂಡಿಗೆ ಸುಮಾರು 0.72 ಮೀಟರ್, ಹರಿವು ಸುಮಾರು 6.4 ಲೀಟರ್. ಬೇಕಾಗಿದ್ದು 1.4, ಇರೋದು 6.4. ಕ್ಲೀನಾಗಿ, ಇಳಿಜಾರು ಸರಿಯಾಗಿ ಇರೋ ದೋಣಿಗೆ ನಮ್ಮ ಮಳೆ ಒಂದು ಲೆಕ್ಕವೇ ಅಲ್ಲ.

ಹಾಗಾದರೆ ಉಕ್ಕೋದು ಎಲ್ಲಿ? ತೂಬಿನಲ್ಲಿ. ಕಟ್ಟಡಗಳ ಮಳೆನೀರಿನ ಪೈಪಿಗೆ ಬಳಸೋ ಭಾರತದ ಪಟ್ಟಿಯ ಪ್ರಕಾರ, ಗಂಟೆಗೆ 100 ಮಿ.ಮೀ. ಮಳೆಗೆ 75 ಮಿ.ಮೀ. ಪೈಪು ಸುಮಾರು 20 ಚದರ ಮೀಟರ್ ಚಾವಣಿಗೆ ಸಾಕು, 100 ಮಿ.ಮೀ. ಪೈಪು ಸುಮಾರು 43 ಚದರ ಮೀಟರಿಗೆ ಸಾಕು. ಗಮನಿಸಿ, ವ್ಯಾಸ ಮೂರನೇ ಒಂದರಷ್ಟು ಹೆಚ್ಚಿದರೆ ಸಾಮರ್ಥ್ಯ ಎರಡು ಪಟ್ಟು ದಾಟುತ್ತೆ. ವಿಸ್ತೀರ್ಣದ ಜೊತೆಗೆ ಹೈಡ್ರಾಲಿಕ್ ತ್ರಿಜ್ಯವೂ ಹೆಚ್ಚೋದರಿಂದ ವ್ಯಾಸದ 8/3ನೇ ಘಾತ ಕೆಲಸ ಮಾಡುತ್ತೆ. ನಮ್ಮ 50 ಚದರ ಮೀಟರಿಗೆ ಎರಡು ತುದಿಗೂ ಒಂದೊಂದು 100 ಮಿ.ಮೀ. ಪೈಪು ಬೇಕು. ಒಂದೇ ತುದಿಯಲ್ಲಿ ಒಂದು 75 ಮಿ.ಮೀ. ಪೈಪು ಇಳಿಸಿ, ಅದರ ಬಾಯಿಗೆ ಹಲಸಿನ ಎಲೆ ಕೂತರೆ ಲೆಕ್ಕ ಕೇಳೋದೇ ಬೇಡ.

ಆನೆಕಲ್ಲು ಬಿದ್ದ ದಿನ

ಹಿಮಕ್ಕೆ ತೀರ ಹತ್ತಿರದ ಅತಿಥಿ ನಮ್ಮಲ್ಲೂ ಬರ್ತಾನೆ. ಮಾರ್ಚ್‌ನಿಂದ ಮೇ ತನಕದ ಗುಡುಗು ಮಳೆಯಲ್ಲಿ ಬೀಳೋ ಆಲಿಕಲ್ಲು, ನಾವು ಆಡುಮಾತಲ್ಲಿ ಆನೆಕಲ್ಲು ಅಂತೀವಿ. 2 ಸೆಂ.ಮೀ. ವ್ಯಾಸದ ಕಲ್ಲಿನ ತೂಕ ಸುಮಾರು 4 ಗ್ರಾಂ, ನೆಲಕ್ಕೆ ಬರೋ ವೇಗ ಗಂಟೆಗೆ 65ರಿಂದ 70 ಕಿ.ಮೀ. ವ್ಯಾಸ ಎರಡು ಪಟ್ಟಾದರೆ ತೂಕ 8 ಪಟ್ಟು, ವೇಗದ ವರ್ಗ 2 ಪಟ್ಟು, ಹಾಗಾಗಿ ಪೆಟ್ಟಿನ ಶಕ್ತಿ 16 ಪಟ್ಟು. ಇಲ್ಲೂ ನಾಲ್ಕನೇ ಘಾತವೇ. ಬಿಸಿಲಿಗೆ ಬೆಂದು ಬಿಳಚಿದ ಹಳೇ ಪಿವಿಸಿ ದೋಣಿ ಬಿರುಕು ಬಿಡೋದು, ಹಳೇ ಸಿಮೆಂಟ್ ಶೀಟ್ ತೂತಾಗೋದು ಹೀಗೆ.

ಆದರೆ ಪೆಟ್ಟಿಗಿಂತ ದೊಡ್ಡ ತೊಂದರೆ ಆಮೇಲೆ ಆಗುತ್ತೆ. ಆಲಿಕಲ್ಲು ಬರೋದು ಬೇವು, ಹೊಂಗೆ ಎಲೆ ಉದುರಿ ದೋಣಿ ತುಂಬಿರೋ ಹೊತ್ತಲ್ಲೇ. ಹೆಂಚಿನ ಮೇಲಿಂದ ಜಾರಿದ ಕಲ್ಲು ಎಲೆ ಜೊತೆ ಸೇರಿ ಪೈಪಿನ ಬಾಯಿಗೆ ಬಿರಡೆ ಹಾಕುತ್ತೆ. ಕರಗೋಕೆ ಅರ್ಧ ಗಂಟೆಯಾದರೂ ಬೇಕು, ಮಳೆ ಅಷ್ಟು ಹೊತ್ತು ಕಾಯಲ್ಲ. ಹಿಮದ ನಾಡಿನ ಕಟ್ಟೆ ವಾರಗಟ್ಟಲೆ ಬೆಳೆದರೆ ನಮ್ಮದು ಐದು ನಿಮಿಷದಲ್ಲಿ ಕಟ್ಟಿಕೊಳ್ಳುತ್ತೆ.

ಆಗ ಹೆಂಚು ಕಾಪಾಡಲ್ವಾ ಅಂತ ಕೇಳಬಹುದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ನಾಡಿನೆಲ್ಲೆಡೆ ಹರಡಿದ ಮಂಗಳೂರು ಹೆಂಚು ಒಳ್ಳೆಯ ಡಿಸೈನ್. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿ ಕೂರುತ್ತೆ. ಆದರೆ ಆ ಅಂಚು ತಡೆಯೋದು ಮೇಲಿನಿಂದ ಕೆಳಕ್ಕೆ ಹರಿಯೋ ನೀರನ್ನು. ಕೆಳಗಿನಿಂದ ಮೇಲಕ್ಕೆ ಏರಿ ಬರೋ ನೀರಿಗೆ ಅದು ಬಾಗಿಲು ತೆಗೆದ ಹಾಗೆ. ನೀರು ರೀಪಿಗೆ, ತೊಲೆ ತುದಿಗೆ, ಗೋಡೆ ತಲೆಗೆ ಇಳಿಯುತ್ತೆ. ಗೆದ್ದಲಿಗೆ ಹಬ್ಬ.

ಟೆರೇಸ್ ಮನೆಯವರಿಗೂ ಪಾಠ ಇದೆ

ತುಮಕೂರು ಸಿಟಿಯಲ್ಲಿ ಬಹುಪಾಲು ಆರ್‌ಸಿಸಿ ಮನೆ. ದೋಣಿ ಇಲ್ಲ, ಪ್ಯಾರಪೆಟ್ ಇದೆ, ಮೂಲೆಯಲ್ಲಿ ನೀರು ಹೋಗೋ ಬಾಯಿ ಇದೆ. ಆ ಬಾಯಿ ಮುಚ್ಚಿದರೆ ಟೆರೇಸೇ ಕೆರೆ. 10 ಸೆಂ.ಮೀ. ನೀರು ನಿಂತರೆ ಚದರ ಮೀಟರಿಗೆ 100 ಕೆ.ಜಿ.; 100 ಚದರ ಮೀಟರ್ ಟೆರೇಸಿಗೆ 10 ಟನ್. ಐಎಸ್ 875ರ ಎರಡನೇ ಭಾಗದಲ್ಲಿ ಜನ ಓಡಾಡೋ ಚಪ್ಪಟೆ ಚಾವಣಿಗೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಓಡಾಡದ್ದಕ್ಕೆ 0.75 ಕಿಲೋನ್ಯೂಟನ್ ಲೈವ್ ಲೋಡ್ ಹೇಳಿದೆ. 10 ಸೆಂ.ಮೀ. ನೀರು ಅಂದ್ರೆ 0.98 ಕಿಲೋನ್ಯೂಟನ್. ಎರಡನೆಯ ಮಿತಿಯನ್ನು ಅದು ಆಗಲೇ ದಾಟಿತು. ಕಟ್ಟಡ ತಕ್ಷಣ ಬೀಳಲ್ಲ, ಸೇಫ್ಟಿ ಫ್ಯಾಕ್ಟರ್ ಇದೆ. ಆದರೆ ವರ್ಷಾವರ್ಷ ನೀರು ಕುಡಿದ ಕಾಂಕ್ರೀಟಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಪ್ಲಾಸ್ಟರ್ ಉದುರೋದು ನಮ್ಮ ಎಷ್ಟೋ ಮನೆಗಳಲ್ಲಿ ಕಾಣುತ್ತೆ.

ಇಲ್ಲಿ ಬೇಕಾಗಿರೋದು ಕೋಡಿ. 2022ರ ಮಳೆಗಾಲದಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಬಿದ್ದಾಗ ನಾವೆಲ್ಲ ಸೆಲ್ಫಿ ತಗೊಳ್ಳೋಕೆ ಹೋಗಿದ್ವಿ. ಕೋಡಿ ಇದ್ದದ್ದಕ್ಕೇ ಏರಿ ಉಳಿಯಿತು. ಪ್ಯಾರಪೆಟ್ಟಿನಲ್ಲೂ ಮಾಮೂಲಿ ಬಾಯಿಗಿಂತ 5 ಸೆಂ.ಮೀ. ಎತ್ತರದಲ್ಲಿ ಇನ್ನೊಂದು ತೂತು ಕೊರೆದು, ಗೋಡೆಯಿಂದ ಆಚೆ ಚಾಚಿದ ಪೈಪು ಹಾಕಿದರೆ ಅದೇ ಕೋಡಿ. ಅದರಲ್ಲಿ ನೀರು ಬಂತು ಅಂದ್ರೆ ಕೆಳಗಿನ ಬಾಯಿ ಕಟ್ಟಿದೆ ಅಂತ ಗೊತ್ತಾಗುತ್ತೆ. ಕಾಸಿಲ್ಲದ ಅಲಾರಂ ಅದು. ಹೆಂಚಿನ ಮನೆಯ ದೋಣಿಗೂ ಕೋಡಿ ಇಡಬಹುದು. ದೋಣಿಯ ಹೊರ ಅಂಚು ಗೋಡೆ ಕಡೆಯ ಅಂಚಿಗಿಂತ ಒಂದು ಸೆಂ.ಮೀ. ತಗ್ಗಿರಲಿ. ಉಕ್ಕಿದರೂ ನೀರು ಅಂಗಳಕ್ಕೆ ಬೀಳುತ್ತೆ, ಗೋಡೆಗಲ್ಲ.

ಮಾಡಬೇಕಾದ್ದು

1. ವರ್ಷಕ್ಕೆ ಎರಡು ಸಲ ಹೂಳೆತ್ತಿ. ಮೊದಲನೆಯದು ಯುಗಾದಿಗೆ ಮನೆ ಸುಣ್ಣಬಣ್ಣ ಮಾಡುವಾಗ. ಆ ಹೊತ್ತಿಗೆ ಬೇವು, ಹೊಂಗೆಯ ಎಲೆ ಉದುರಿ ಮುಗಿದಿರುತ್ತೆ, ಭರಣಿ ಮಳೆ ಇನ್ನೂ ಶುರುವಾಗಿರಲ್ಲ. ಎರಡನೆಯದು ಗಣೇಶನ ಹಬ್ಬದ ಆಸುಪಾಸು. ನಮ್ಮ ಜಿಲ್ಲೆಗೆ ಒಳ್ಳೇ ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅದಕ್ಕೆ ಮುಂಚೆ ಆಗಿಬಿಡಲಿ.

2. ಒಣಗಿದ್ದಾಗಲೇ ತೆಗೀರಿ. ಹಗುರ ಇರುತ್ತೆ, ಕೈಗೂ ಬರುತ್ತೆ. ಕರಣೆಯಿಂದ ಕೆರೆದರೆ ತಗಡಿನ ಜಿಂಕ್ ಲೇಪ ಹೋಗುತ್ತೆ, ಹಾಗಾಗಿ ಪಿವಿಸಿ ಪೈಪಿನ ಸೀಳು ಅಥವಾ ಗೆರಟೆ ಬಳಸಿ. ತೆಗೆದದ್ದು ಒಳ್ಳೇ ಗೊಬ್ಬರ, ತೆಂಗಿನ ಬುಡಕ್ಕೆ ಹಾಕಿ.

3. ಒಂದು ಬಕೆಟ್ ನೀರು ಮೇಲಿನ ತುದಿಯಲ್ಲಿ ಸುರಿಯಿರಿ. ಹರಿದ ಮೇಲೆ ಎಲ್ಲಿ ನೀರು ನಿಂತಿದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ, ಆ ಜಾಗದ ಕ್ಲಾಂಪ್ ಎತ್ತರಿಸಿ. ಇಳಿಜಾರು ನೋಡೋಕೆ ಗಾರೆಯವರ ಹತ್ತಿರ ಇರೋ ನೀರು ತುಂಬಿದ ಟ್ಯೂಬ್ ಲೆವೆಲ್ ಸಾಕು, ಲೇಸರ್ ಬೇಡ.

4. ಕ್ಲಾಂಪ್ ಅಂತರ 60 ಸೆಂ.ಮೀ. ಮೀರದಿರಲಿ. ತುಕ್ಕು ಹಿಡಿದ ಮೊಳೆ ಬಿಟ್ಟು ಸ್ಕ್ರೂ ಹಾಕಿ. ಸೂರಿನ ಹಲಗೆ ಮೆತ್ತಗಾಗಿದ್ದರೆ ಮೊದಲು ಹಲಗೆ ಬದಲಿಸಿ, ಆಮೇಲೆ ಕ್ಲಾಂಪ್.

5. ಜಾಲರಿಯನ್ನು ಮರ ನೋಡಿ ಆರಿಸಿ. ಹಲಸು, ಮಾವಿಗೆ ದೊಡ್ಡ ಕಣ್ಣಿನ ಜಾಲರಿ ನಡೆಯುತ್ತೆ. ಹುಣಸೆ, ಗುಲ್‌ಮೊಹರ್ ಪಕ್ಕ ಇದ್ದರೆ ದೊಡ್ಡ ಕಣ್ಣಿನದು ಎಲೆ ಬಿಡುತ್ತೆ, ಸಣ್ಣದು ಮೇಲೇ ಕಟ್ಟಿಕೊಳ್ಳುತ್ತೆ. ಅಲ್ಲಿ ಜಾಲರಿ ನಂಬಬೇಡಿ, ಪದೇಪದೇ ಕ್ಲೀನ್ ಮಾಡೋದೇ ದಾರಿ. ಪೈಪಿನ ಬಾಯಿಗೆ ಚಪ್ಪಟೆ ಜಾಲರಿ ಹಾಕದೆ ಬುಟ್ಟಿ ಬೋರಲು ಹಾಕಿದಂಥ ಗುಮ್ಮಟದ ಜಾಲರಿ ಹಾಕಿ. ಕೆಳಗೆ ಎಲೆ ಕೂತರೂ ಮೇಲಿನಿಂದ ನೀರು ಹೋಗುತ್ತೆ.

6. ಪೈಪಿನಿಂದ ಬಂದ ನೀರು ಗೋಡೆ ಬುಡದಲ್ಲಿ ಬೀಳದಂತೆ ಕನಿಷ್ಠ ಒಂದು ಮೀಟರ್ ಆಚೆ ಬಿಡಿ, ಇಲ್ಲವೇ ತೊಟ್ಟಿಗೆ ಸೇರಿಸಿ.

ಏಣಿ ಹತ್ತೋ ಮುಂಚೆ

ದೋಣಿಗಿಂತ ನೀವು ಮುಖ್ಯ. ಮನೆ ಪಕ್ಕ ಕರೆಂಟ್ ತಂತಿ ಇದ್ದರೆ ಅಲ್ಯೂಮಿನಿಯಂ ಏಣಿ, ಕಬ್ಬಿಣದ ದೋಟಿ ಮುಟ್ಟಲೇಬೇಡಿ. ಏಣಿ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಗೋಡೆಯಿಂದ ದೂರ ಇರಲಿ, ಕೆಳಗೆ ಒಬ್ಬರು ಹಿಡಿದುಕೊಂಡಿರಲಿ. ಏಣಿಯನ್ನು ದೋಣಿಗೆ ಒರಗಿಸಬೇಡಿ, ಗೋಡೆಗೆ ಒರಗಿಸಿ. ಸಿಮೆಂಟ್ ಶೀಟಿನ ಮೇಲೆ ಕಾಲಿಡಲೇಬಾರದು. ನೋಡೋಕೆ ಗಟ್ಟಿ ಕಾಣುತ್ತೆ, ಹಳೆಯದಾದ ಮೇಲೆ ಹಪ್ಪಳದಂತೆ ಮುರಿಯುತ್ತೆ. ಎಲೆ ರಾಶಿಯಲ್ಲಿ ಚೇಳು, ಹಾವಿನಮರಿ, ಕಣಜದ ಗೂಡು ಇರಬಹುದು, ಬರಿಗೈ ಹಾಕಬೇಡಿ. ಗುಡುಗು ಕೇಳಿಸಿದರೆ ಇಳಿದುಬಿಡಿ. ಮತ್ತೆ, ಮನೆಯಲ್ಲಿ ಈ ಕೆಲಸ ಅಪ್ಪನೋ ತಾತನೋ ಮಾಡ್ತಿದ್ದರೆ, ಅರವತ್ತು ದಾಟಿದವರನ್ನು ಏಣಿ ಹತ್ತಿಸದೆ ನಾವೇ ಹತ್ತೋದು ಒಳ್ಳೇದು.

ಇಷ್ಟೆಲ್ಲ ಒದ್ದಾಟ ಯಾತಕ್ಕೆ?

ಮೂರು ಕಾರಣಕ್ಕೆ. ಒಂದು, ಗೋಡೆ. ಮುರಿದ ದೋಣಿಯಿಂದ ಸೆಕೆಂಡಿಗೆ ಒಂದು ಲೀಟರಿಗಿಂತ ಹೆಚ್ಚು ನೀರು ಒಂದೇ ಜಾಗದಲ್ಲಿ ಧಾರೆಯಾಗಿ ಬೀಳುತ್ತೆ. ಮಣ್ಣಿನ ಗೋಡೆಯ ಬುಡ ನೆನೆದರೆ ಅದರ ಬಲ ಹೋಯ್ತು. ಮಳೆಗಾಲದಲ್ಲಿ ‘ಗೋಡೆ ಕುಸಿದು ಸಾವು’ ಅನ್ನೋ ಸುದ್ದಿ ಪತ್ರಿಕೆಯಲ್ಲಿ ನಾವು ಓದದ ವರ್ಷವಿಲ್ಲ. ಹಳೇ ಮನೆಯಲ್ಲಿ ಒಬ್ಬರೇ ಇರೋ ಅಜ್ಜಿಯರು ನಮ್ಮ ಎಲ್ಲ ಊರಲ್ಲೂ ಇದ್ದಾರೆ.

ಎರಡು, ಡೆಂಗಿ. ಈಡಿಸ್ ಸೊಳ್ಳೆಗೆ ಬೇಕಾಗಿರೋದು ನಿಂತ ನೀರು ಮತ್ತು ಒಂದು ವಾರದಿಂದ ಹತ್ತು ದಿನ. ನೆಲದ ಮೇಲಿನ ಡ್ರಮ್ಮು, ಟೈರು ಎಲ್ಲರಿಗೂ ಕಾಣುತ್ತೆ, ದೋಣಿಯ ಹೊಟ್ಟೆ ಯಾರಿಗೂ ಕಾಣಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ವಿಧಿಸೋ ನಿಯಮ ತಂದಿತು.

ಮೂರು, ಕುಡಿಯೋ ನೀರು. ನಮ್ಮದೇ ಜಿಲ್ಲೆಯ ಪಾವಗಡ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಎಷ್ಟು ಹಳೆಯ ಸಂಕಟ ಅಂತ ಅಲ್ಲಿಂದ ಬಂದ ಗೆಳೆಯರನ್ನು ಕೇಳಿ. ಕುಡಿಯೋ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ಐಎಸ್ 10500 ಹೇಳುತ್ತೆ. ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. 50 ಚದರ ಮೀಟರಿನ ಸಣ್ಣ ಚಾವಣಿ, ವರ್ಷಕ್ಕೆ 500 ಮಿ.ಮೀ. ಮಳೆ, ಅದರಲ್ಲಿ 80% ಕೈಗೆ ಸಿಕ್ಕಿದರೂ 20,000 ಲೀಟರ್. ನಾಲ್ಕು ಜನಕ್ಕೆ ಕುಡಿಯೋಕೆ, ಅಡುಗೆಗೆ ದಿನಕ್ಕೆ ತಲಾ 10 ಲೀಟರಿನಂತೆ ವರ್ಷಕ್ಕೆ 14,600 ಲೀಟರ್ ಸಾಕು. ಮೊದಲ ಒಂದೆರಡು ಮಿ.ಮೀ. ಮಳೆಯನ್ನು ಚಾವಣಿ ತೊಳೆಯೋಕೆ ಬಿಟ್ಟು, ಉಳಿದದ್ದನ್ನು ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಇಟ್ಟು, ಕಾಯಿಸಿ ಕುಡಿಯಬಹುದು. ಕಲ್ನಾರಿನ ಶೀಟಿನ ಚಾವಣಿಯದನ್ನು ಮಾತ್ರ ಕುಡಿಯೋಕೆ ಬಳಸಬೇಡಿ. ಹಳ್ಳಿ ಶಾಲೆಗಳ ಚಾವಣಿ ನೀರು ಹಿಡಿಯೋಕೆ 2006ರ ಹೊತ್ತಿಗೆ ರಾಜ್ಯದಲ್ಲಿ ಬಂದ ಸುವರ್ಣ ಜಲ ಯೋಜನೆಯ ಹಿಂದೆ ಇದ್ದದ್ದು ಇದೇ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು. ಆದರೆ ತೊಟ್ಟಿ ಎಷ್ಟು ಗಟ್ಟಿಯಾಗಿದ್ದರೂ ದೋಣಿ ಕಿತ್ತುಬಿದ್ದರೆ, ಪೈಪಿನ ಬಾಯಿ ಕಟ್ಟಿದರೆ ಅದಕ್ಕೆ ನೀರು ಬರಲ್ಲ. ಕಟ್ಟೋದು ಒಂದು ಸಲದ ಕೆಲಸ, ಹೂಳೆತ್ತೋದು ಪ್ರತಿ ವರ್ಷದ ಕೆಲಸ. ನಾವು ಓದೋ ಪುಸ್ತಕಗಳಲ್ಲಿ ಮೊದಲನೆಯದಕ್ಕೆ ಅಧ್ಯಾಯ ಇದೆ, ಎರಡನೆಯದಕ್ಕೆ ಒಂದು ಪ್ಯಾರಾ.

ಕೊನೆಗೆ ನಮ್ಮೆಲ್ಲರಿಗೂ ಒಂದು ಅಸೈನ್‌ಮೆಂಟ್. ಮಾರ್ಕ್ಸ್ ಇಲ್ಲ, ವೈವಾ ಇಲ್ಲ. ಗುಬ್ಬಿಗೆ ರೈಲಲ್ಲಿ, ಕುಣಿಗಲ್ಲಿಗೆ ಬಸ್ಸಲ್ಲಿ ಹೋಗೋರು, ಸಿಟಿಯಲ್ಲೇ ಇರೋರು, ಎಲ್ಲರೂ ಈ ಭಾನುವಾರ ಟೇಪ್ ಹಿಡಿದು ನಾಲ್ಕು ಅಳತೆ ತಗೊಳ್ಳಿ: ಚಾವಣಿಯ ವಿಸ್ತೀರ್ಣ, ದೋಣಿಯ ಅಗಲ, ಕ್ಲಾಂಪುಗಳ ಅಂತರ, ಪೈಪಿನ ವ್ಯಾಸ. ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ. ನಿಮ್ಮ ಮನೆಯ ತೂಬು ಸಾಕಾ, ಕೋಡಿ ಇದೆಯಾ, ಹೂಳು ಎಷ್ಟಿದೆ ಅಂತ ಬರೆದುಕೊಂಡು ಬನ್ನಿ. ಪಕ್ಕದ ಮನೆ ಅಜ್ಜಿಯ ಸೂರನ್ನೂ ಒಮ್ಮೆ ನೋಡಿ, ಆಗಲೇ ಏಣಿ ಇಟ್ಟಿರ್ತೀರಲ್ಲ.